ನೋಡಿ ಅಂಕ ಕೊಡಬೇಡಿ, ಬಳಸಿ ಕೊಡಿ

ವಿನ್ಯಾಸ ಕಲಿಯುತ್ತಿರುವವರ ಮುಂದೆ ಮಾತಾಡಿದ್ದನ್ನು ಇಲ್ಲಿ ಬರೆದಿದ್ದೇನೆ. ಮಾತಿನ ಧಾಟಿ ಹಾಗೇ ಬಿಟ್ಟಿದ್ದೇನೆ. ಹೇಳಿದ್ದನ್ನೇ ಹೇಳಿದ ಕಡೆ ಮಾತ್ರ ಕತ್ತರಿ ಹಾಕಿದ್ದೇನೆ.

ಎಲ್ಲರಿಗೂ ನಮಸ್ಕಾರ. ದುಬಾರಿ ಕಾರೊಂದರ ಪ್ರಚಾರಕ್ಕೆ ಮಾಡಿದ ಇಂಟರಾಕ್ಟಿವ್ ವೆಬ್‌ಸೈಟಿನ ವಿನ್ಯಾಸಕ್ಕೆ ಅಂಕ ಕೊಡುವುದು ಹೇಗೆ? ಇವತ್ತು ನಾವು ಮಾತಾಡಬೇಕಾದದ್ದು ಇಷ್ಟೇ. ಆದರೆ ಇದು ಕಾಣುವಷ್ಟು ಸುಲಭದ ಕೆಲಸ ಅಲ್ಲ. ಯಾಕೆಂದರೆ ಇಂಥ ಸೈಟುಗಳು ತೀರ್ಪುಗಾರರನ್ನು ಮರುಳು ಮಾಡುವುದರಲ್ಲಿ ಬಹಳ ಜಾಣ. ತೆರೆದ ಕೂಡಲೇ ಕಪ್ಪು ಪರದೆ, ದೂರದಿಂದ ಗುಡುಗಿನಂಥ ಸದ್ದು, ಬೆಳಕಿನ ಗೆರೆಯೊಂದು ಕಾರಿನ ಬೆನ್ನಿನ ಮೇಲೆ ನಿಧಾನವಾಗಿ ಹರಿದು ಹೋಗುತ್ತದೆ, ಆಮೇಲೆ ಒಂದೇ ಒಂದು ಸಾಲಿನ ಗಂಭೀರ ಮಾತು ಮೂಡುತ್ತದೆ, ನೋಡುತ್ತಿರುವವರು "ಆಹಾ" ಅನ್ನುತ್ತಾರೆ, ಎರಡು ಸಲ ಸ್ಕ್ರಾಲ್ ಮಾಡುತ್ತಾರೆ, ಅಂಕ ಬರೆದಾಯಿತು.

ಅದು ಸಿನಿಮಾ ನೋಡುವ ರೀತಿ. ಸಿನಿಮಾದಲ್ಲಿ ತಪ್ಪೇನಿಲ್ಲ. ಆದರೆ ಇಂಟರಾಕ್ಟಿವ್ ಅಂತ ಹೇಳಿಕೊಂಡ ಮೇಲೆ ನಾವು ಪರೀಕ್ಷೆ ಮಾಡಬೇಕಾದದ್ದು ಬೇರೆಯೇ. ನನ್ನ ಕೈ ಏನೋ ಒಂದು ಮಾಡಿತು. ಅದಕ್ಕೆ ಸೈಟು ಏನು ಉತ್ತರ ಕೊಟ್ಟಿತು? ಆ ಉತ್ತರದಿಂದ ಕಾರಿನ ಬಗ್ಗೆ ನನಗೆ ಹೊಸದೇನಾದರೂ ತಿಳಿಯಿತಾ? ತಿಳಿಯದಿದ್ದರೆ ಅಲ್ಲಿ ಅಲ್ಲಾಡಿದ್ದು ಸುಮ್ನೆ ಅಲ್ಲಾಡಿತು ಅಷ್ಟೇ. ನಾನು ಎಷ್ಟೋ ಸೈಟುಗಳಲ್ಲಿ ಮೌಸ್ ಸರಿಸಿದ ಕಡೆಗೆ ಧೂಳಿನ ಕಣಗಳು ಹಾರುವುದನ್ನು ನೋಡಿದ್ದೇನೆ. ಚಂದ ಇರುತ್ತದೆ, ಒಪ್ಪೋಣ. ಆದರೆ ಹಿಂದಿನ ಸೀಟಿನಲ್ಲಿ ಎತ್ತರದ ಮನುಷ್ಯನೊಬ್ಬ ಕೂತರೆ ಮೊಣಕಾಲು ಎಲ್ಲಿಗೆ ತಾಗುತ್ತದೆ ಅಂತ ಆ ಕಣಗಳು ಹೇಳುವುದಿಲ್ಲ.

ಅಂಕ ಹಂಚುವ ಪದ್ಧತಿಯಲ್ಲೇ ಈ ಸಮಸ್ಯೆಯ ಬೇರು ಸ್ವಲ್ಪ ಇದೆ. ವೆಬ್‌ಸೈಟುಗಳಿಗೆ ಬಹುಮಾನ ಕೊಡುವ, 2009ರಲ್ಲಿ ಶುರುವಾದ ಆವ್‌ವರ್ಡ್ಸ್ ಅನ್ನೋದು ವೆಬ್ ವಿನ್ಯಾಸದವರಿಗೆ ಪರಿಚಿತ ಹೆಸರು. ಅವರ ಲೆಕ್ಕದಲ್ಲಿ ವಿನ್ಯಾಸಕ್ಕೆ ಶೇಕಡಾ 40, ಬಳಸುವ ಅನುಕೂಲಕ್ಕೆ 30, ಸೃಜನಶೀಲತೆಗೆ 20, ವಿಷಯಕ್ಕೆ 10. ಸಣ್ಣ ಸ್ಟುಡಿಯೋ ಒಂದರ ಪರಿಚಯದ ಸೈಟಿಗೆ ಈ ಲೆಕ್ಕ ನಡೆಯುತ್ತದೆ. ಕಾರಿಗೆ ವಿಷಯದ ಪಾಲು ಬರೀ 10 ಅಂದರೆ ನನಗೆ ಸರಿ ಕಾಣುವುದಿಲ್ಲ. ಜನ ಬದುಕಿನಲ್ಲಿ ಮನೆ ಬಿಟ್ಟರೆ ಇನ್ಯಾವುದಕ್ಕೂ ಇಷ್ಟು ಹಣ ಸುರಿಯುವುದು ಕಡಿಮೆ. 1996ರಿಂದ ನಡೆಯುತ್ತಿರುವ ವೆಬ್ಬಿ ಪ್ರಶಸ್ತಿಯವರು ವಿಷಯ, ರಚನೆ, ನೋಟ, ಇಂಟರಾಕ್ಟಿವಿಟಿ, ಕೆಲಸ ಮಾಡುವ ರೀತಿ ಇವನ್ನೆಲ್ಲ ಬೇರೆ ಬೇರೆಯಾಗಿ ನೋಡುತ್ತಾರೆ. ಅದು ಸ್ವಲ್ಪ ವಾಸಿ. ಯಾವ ಪಟ್ಟಿ ಕೈಯಲ್ಲಿದ್ದರೂ ತೀರ್ಪುಗಾರರು ದೊಡ್ಡ ಮಾನಿಟರ್ ಮುಂದೆ, ವೇಗದ ಇಂಟರ್ನೆಟ್ ಹಾಕಿಕೊಂಡು ಕೂತುಬಿಟ್ಟರೆ ಉಪಯೋಗವಿಲ್ಲ.

ಹಳೆಯ ಕಥೆ ಒಂದು ಚೂರು ಹೇಳಿಬಿಡುತ್ತೇನೆ. ಈ ಶತಮಾನದ ಮೊದಲ ಹತ್ತು ವರ್ಷ ಕಾರಿನ ಪ್ರಚಾರದ ಸೈಟು ಅಂದರೆ ಫ್ಲ್ಯಾಶ್, ಬ್ರೌಸರಿನಲ್ಲಿ ಚಲಿಸುವ ಚಿತ್ರ ಓಡಿಸುವ ಅಡೋಬಿ ಕಂಪನಿಯ ಸಾಫ್ಟ್‌ವೇರ್. ಪರದೆ ಪೂರ್ತಿ ತುಂಬುವ ಚಿತ್ರ, ಸಂಗೀತ, ತಿರುಗುವ ಚಕ್ರ, ಎಲ್ಲ ಅದರಲ್ಲೇ. 2010ರಲ್ಲಿ ಆಪಲ್‌ನ ಸ್ಟೀವ್ ಜಾಬ್ಸ್ ಬಹಿರಂಗ ಪತ್ರ ಬರೆದು ಫೋನಿನಲ್ಲಿ ಫ್ಲ್ಯಾಶ್ ಯಾಕೆ ಬೇಡ ಅಂತ ಹೇಳಿದರು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಅದರ ಬೆಂಬಲ ನಿಲ್ಲಿಸಿತು, 2021ರ ಜನವರಿ 12ರಿಂದ ಪ್ಲೇಯರ್ ತಾನಾಗಿಯೇ ಫ್ಲ್ಯಾಶ್ ಓಡಿಸುವುದನ್ನು ನಿಲ್ಲಿಸಿತು. ಅಂದು ಬಹುಮಾನ ಹೊಡೆದ ಎಷ್ಟೋ ಸೈಟುಗಳನ್ನು ಇವತ್ತು ನೇರವಾಗಿ ತೆರೆದು ನೋಡುವ ಹಾಗೇ ಇಲ್ಲ. ಅವುಗಳ ಜಾಗಕ್ಕೆ ಬ್ರೌಸರಿನಲ್ಲೇ ತ್ರೀಡಿ ಚಿತ್ರ ಮೂಡಿಸುವ ವೆಬ್‌ಜಿಎಲ್ ಬಂತು. ಅದರ ಮೊದಲ ಆವೃತ್ತಿ 2011ರದ್ದು. ಅದನ್ನು ಬಳಸುವುದು ಸುಲಭ ಮಾಡಿಕೊಟ್ಟ ತ್ರೀ ಜೆಎಸ್ ಅನ್ನುವ ಸಿದ್ಧ ಕೋಡ್‌ಗಳ ಸಂಗ್ರಹ ಅದಕ್ಕೂ ಒಂದು ವರ್ಷ ಮೊದಲೇ ಬಂದಿತ್ತು. ತಂತ್ರ ಬದಲಾಯಿತು, ಚಟ ಬದಲಾಗಲಿಲ್ಲ. ಸೊನ್ನೆಯಿಂದ ನೂರಕ್ಕೆ ಏರುವ ಅಂಕಿಯನ್ನು ಪರದೆಯ ನಡುವೆ ಇಟ್ಟು ಕಾಯಿಸುವುದು ಇವತ್ತಿಗೂ ಇದೆ. ಅಂಕಿಯ ಅಕ್ಷರ ಮಾತ್ರ ಮೊದಲಿಗಿಂತ ತೆಳ್ಳಗಾಗಿದೆ!

ಈ ಕಾಯುವಿಕೆಯಿಂದಲೇ ಪರೀಕ್ಷೆ ಶುರು ಮಾಡಿ. ಬ್ರೌಸರಿನಲ್ಲಿ ಹಳೆಯದೆಲ್ಲ ಅಳಿಸಿ, ಸಾಧಾರಣ ಫೋನು ತೆಗೆದುಕೊಳ್ಳಿ, ವೈಫೈ ಆಫ್ ಮಾಡಿ. ಬಳಕೆಯ ಅನುಕೂಲದ ತಜ್ಞ ಜೇಕಬ್ ನೀಲ್ಸನ್ 1993ರಲ್ಲೇ ಹೇಳಿದ ಮೂರು ಗಡಿ ಇವತ್ತಿಗೂ ಹಳೆಯದಾಗಿಲ್ಲ. ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಉತ್ತರ ಬಂದರೆ ಕೂಡಲೇ ಆಯಿತು ಅನ್ನಿಸುತ್ತದೆ. ಒಂದು ಸೆಕೆಂಡಿನವರೆಗೆ ಯೋಚನೆಯ ಎಳೆ ತುಂಡಾಗುವುದಿಲ್ಲ. ಹತ್ತು ಸೆಕೆಂಡ್ ದಾಟಿದರೆ ಮನಸ್ಸು ಬೇರೆ ಕಡೆ ಹೋಗಿರುತ್ತದೆ. ಗೂಗಲ್‌ನವರು ಈಗ ಇದನ್ನೇ ಇನ್ನೊಂದು ರೀತಿಯಲ್ಲಿ ಅಳೆಯುತ್ತಾರೆ. ಪುಟದ ಮುಖ್ಯ ಚಿತ್ರ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕು, ಮುಟ್ಟಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪರದೆ ಬದಲಾಗಬೇಕು. ಈ ಎರಡನೆಯ ಅಳತೆ ಅವರ ಮುಖ್ಯ ಅಳತೆಗಳ ಪಟ್ಟಿಗೆ 2024ರ ಮಾರ್ಚ್‌ನಲ್ಲಿ ಸೇರಿತು. ಇಂಟರಾಕ್ಟಿವ್ ಸೈಟಿಗೆ ಅದೇ ಮುಖ್ಯ, ಅಲ್ವಾ?

ಕಾರಿನ ತ್ರೀಡಿ ಮಾದರಿ ಭಾರ ಇರುತ್ತದೆ, ಕಾಯದೆ ವಿಧಿ ಇಲ್ಲ ಅಂತ ತಂಡದವರು ಹೇಳುತ್ತಾರೆ. ಅರ್ಧ ನಿಜ. ಕಾರ್ಖಾನೆಯ ಕಂಪ್ಯೂಟರಿನಿಂದ ಬರುವ ಮಾದರಿಯಲ್ಲಿ ಒಳಗಿನ ಬೋಲ್ಟ್ ಸಹ ಇರುತ್ತದೆ, ತ್ರಿಕೋನಗಳನ್ನು ಎಣಿಸಿದರೆ ಲಕ್ಷಗಟ್ಟಲೆ, ಕೆಲವೊಮ್ಮೆ ಕೋಟಿ. ಅದನ್ನು ಕತ್ತರಿಸಿ, ಹಗುರ ಮಾಡಿ, ಡ್ರಾಕೋದಂಥ ಸಾಧನದಿಂದ ಕುಗ್ಗಿಸಿ ಕಳಿಸುವುದು ಅವರ ಕೆಲಸವೇ. ಜೊತೆಗೆ ಒಂದು ಸುಲಭದ ದಾರಿ ಇದ್ದೇ ಇದೆ. ಮೊದಲು ಒಳ್ಳೆಯ ಒಂದು ಫೋಟೋ ತೋರಿಸಿ, ಓದಲು ನಾಲ್ಕು ಮಾತು ಕೊಡಿ, ಹಿಂದಿನಿಂದ ಮಾದರಿ ಇಳಿಯಲಿ, ಸಿದ್ಧವಾದ ಮೇಲೆ ಫೋಟೋದ ಜಾಗದಲ್ಲೇ ಬಂದು ಕೂರಲಿ. ಇದನ್ನು ಮಾಡಿದ ತಂಡಕ್ಕೆ ನಾನು ಕಣ್ಣು ಮುಚ್ಚಿ ಅಂಕ ಕೊಡುತ್ತೇನೆ. ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ ಒಳಗೆ ಕಸ ಗುಡಿಸುವ ಮನೆಯವರಿಗೆ ಕೊಡುವುದಿಲ್ಲ.

ಈಗ ಬಣ್ಣಕ್ಕೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಇಂಟರಾಕ್ಟಿವ್ ಸೈಟು ಅಚ್ಚಿನ ಪುಸ್ತಕಕ್ಕಿಂತ ನಿಜವಾಗಿ ಮುಂದಿರುವುದು ಇಲ್ಲೇ.

ಕಾರಿನ ಬಣ್ಣ ಒಂದೇ ಪದರ ಅಲ್ಲ. ಕೆಳಗೆ ಪ್ರೈಮರ್, ಮೇಲೆ ಬಣ್ಣದ ಪದರ, ಮೆಟಾಲಿಕ್ ಆದರೆ ಅದರೊಳಗೆ ಅಲ್ಯುಮಿನಿಯಂನ ಸಣ್ಣ ಸಣ್ಣ ಚಕ್ಕೆ, ಎಲ್ಲದರ ಮೇಲೆ ಗಾಜಿನಂಥ ಕ್ಲಿಯರ್ ಕೋಟ್. ಬೆಳಕು ಮೇಲಿನ ಪದರದಲ್ಲಿ ಒಂದು ರೀತಿ ಹೊಳೆಯುತ್ತದೆ, ಒಳಗಿನ ಚಕ್ಕೆಗಳಲ್ಲಿ ಇನ್ನೊಂದು ರೀತಿ. ಹಾಗಾಗಿ ನೇರವಾಗಿ ನೋಡಿದಾಗ ಇರುವ ಬಣ್ಣ ಓರೆಯಲ್ಲಿ ನೋಡಿದಾಗ ಇರುವುದಿಲ್ಲ. ಕಾರಿನ ರೂಪ ಬರೆಯುವ ವಿನ್ಯಾಸಕರು ಕೂಡ ಮೇಲ್ಮೈ ಸರಿ ಇದೆಯೋ ಇಲ್ಲವೋ ಅಂತ ನೋಡುವುದು ಈ ಹೊಳಪಿನ ಗೆರೆಗಳನ್ನು ಹಿಡಿದೇ. ಕಂಪ್ಯೂಟರಿನಲ್ಲಿ ಮಾದರಿಯ ಮೇಲೆ ಕಪ್ಪು ಬಿಳಿ ಪಟ್ಟೆಗಳ ಪ್ರತಿಬಿಂಬ ಬೀಳಿಸುತ್ತಾರೆ. ಪಟ್ಟೆ ಎಲ್ಲಾದರೂ ಮುರಿದರೆ, ನಡುಗಿದರೆ ಅಲ್ಲಿ ತಗಡಿನ ತಿರುವು ಸರಿಯಿಲ್ಲ ಅಂತ ಅರ್ಥ. ಬಾಗಿಲಿನ ಮೇಲೆ ಹರಿಯುವ ಆ ಒಂದು ಗೆರೆಗಾಗಿ ಅವರು ತಿಂಗಳುಗಟ್ಟಲೆ ಗುದ್ದಾಡಿರುತ್ತಾರೆ.

ಅಂದ ಮೇಲೆ ಸೈಟು ಏನು ಮಾಡಬೇಕು? ಕಾರನ್ನು ನಾನು ತಿರುಗಿಸಿದಾಗ ಆ ಹೊಳಪು ಮೈಮೇಲೆ ಜಾರಬೇಕು. ಮುಂದಿನ ಚಕ್ರದ ಮೇಲಿಂದ ಹೊರಟು, ಬಾಗಿಲು ದಾಟಿ, ಹಿಂದಿನ ದೀಪದವರೆಗೆ ಹೋಗಬೇಕು. ಎಷ್ಟೋ ಸೈಟುಗಳಲ್ಲಿ ಹೊಳಪು ಅಂಟಿಕೊಂಡೇ ಇರುತ್ತದೆ. ಕಾರು ತಿರುಗುತ್ತದೆ, ಬಾನೆಟ್ ಮೇಲಿನ ಬಿಳಿ ಮಚ್ಚೆ ಬಾನೆಟ್ ಜೊತೆಗೇ ತಿರುಗುತ್ತದೆ, ಯಾರೋ ಸುಣ್ಣದಲ್ಲಿ ಬರೆದ ಹಾಗೆ. ಒಂದು ಸಲ ಇದನ್ನು ಗುರುತಿಸಲು ಕಲಿತರೆ ಮತ್ತೆ ಮೋಸ ಹೋಗುವುದಿಲ್ಲ. ನಿಧಾನವಾಗಿ ತಿರುಗಿಸಿ, ಹೊಳಪನ್ನೇ ನೋಡಿ, ಕಾರನ್ನು ನೋಡಬೇಡಿ.

ಹಾಗಂತ ಬ್ರೌಸರಿನಲ್ಲೇ ಕ್ಷಣಕ್ಷಣಕ್ಕೂ ಚಿತ್ರ ಮೂಡಿಸುವುದೇ ದೊಡ್ಡದು, ಮೊದಲೇ ತಯಾರಿಸಿಟ್ಟ ಚಿತ್ರಗಳ ಸಾಲು ಕೀಳು ಅಂತ ಭಾವಿಸಬೇಡಿ. ಹತ್ತು ಡಿಗ್ರಿಗೊಂದರಂತೆ 36 ಚಿತ್ರ ಮಾಡಿ ಒಂದರ ಹಿಂದೆ ಒಂದು ತೋರಿಸಿದರೂ ಕಾರು ತಿರುಗಿದ ಹಾಗೇ ಕಾಣುತ್ತದೆ, ಪ್ರತಿ ಚಿತ್ರಕ್ಕೂ ಬೇಕಾದಷ್ಟು ಹೊತ್ತು ಕೊಟ್ಟು ಮಾಡಿರುವುದರಿಂದ ಹೊಳಪು ಎಷ್ಟೋ ಸಲ ಇದರಲ್ಲೇ ಚೆನ್ನಾಗಿರುತ್ತದೆ. ನೇರ ಚಿತ್ರಕ್ಕೆ ಸೆಕೆಂಡಿಗೆ 60 ಸಲ, ಅಂದರೆ ಒಂದೊಂದಕ್ಕೂ ಸುಮಾರು 16 ಮಿಲಿಸೆಕೆಂಡಿನಲ್ಲಿ ಕೆಲಸ ಮುಗಿಯಬೇಕು. ಹಳೆಯ ಫೋನಿಗೆ ಅದು ಕಷ್ಟ. ಬಳಸಿದ ತಂತ್ರಕ್ಕೆ ಅಂಕ ಕೊಡುವ ತೀರ್ಪುಗಾರರು ಎಂಜಿನಿಯರಿಗೆ ಅಂಕ ಕೊಟ್ಟ ಹಾಗೆ, ವಿನ್ಯಾಸಕ್ಕಲ್ಲ.

ಬೆಳಕಿನ ಬಗ್ಗೆ ಇನ್ನೊಂದು ಮಾತು. ಹೆಚ್ಚಿನವರು ಕಾರನ್ನು ಕತ್ತಲೆ ಸ್ಟುಡಿಯೋದಲ್ಲಿ ನಿಲ್ಲಿಸುತ್ತಾರೆ. ಕತ್ತಲೆ ಎಲ್ಲವನ್ನೂ ಮುಚ್ಚುತ್ತದೆ, ಸುಮಾರಾದ ಮಾದರಿ ಕೂಡ ಅಲ್ಲಿ ಶ್ರೀಮಂತವಾಗಿ ಕಾಣುತ್ತದೆ. ನಡು ಮಧ್ಯಾಹ್ನದ ಬಿಸಿಲು, ಮೋಡದ ದಿನ, ಸಂಜೆ, ಬೀದಿ ದೀಪ ಹೀಗೆ ಬೆಳಕು ಬದಲಾಯಿಸುವ ಗುಂಡಿ ಇದೆಯಾ ನೋಡಿ. ಆರಿಸುವಾಗ ಕಡು ನೀಲಿಯಾಗಿದ್ದ ಕಾರು ಮೋಡದ ದಿನ ಕಪ್ಪಾಗಿ ಕಾಣುತ್ತದಾ ಅಂತ ಕೊಳ್ಳುವವರಿಗೆ ತಿಳಿಯಬೇಕು. ಅದು ನಿಜವಾದ ಪ್ರಶ್ನೆ. ಇದಕ್ಕೆ ಉತ್ತರ ಕೊಡುವ ಒಂದು ಗುಂಡಿ ಹಾರುವ ಕಣಗಳಿಗಿಂತ ಎಷ್ಟೋ ಮೇಲು.

ಒಳಗೆ ಹೋಗೋಣ. ಕಾರಿನ ಒಳಗಿನ ನೋಟ ತೋರಿಸುವಾಗ ಕ್ಯಾಮೆರಾ ಎಲ್ಲಿದೆ ಅಂತ ಗಮನಿಸಿ. ಡ್ಯಾಶ್‌ಬೋರ್ಡಿನ ಮೇಲೆ, ಚಾವಣಿಗೆ ತಾಗಿ, ಮನುಷ್ಯರ ತಲೆ ಇರಲು ಸಾಧ್ಯವೇ ಇಲ್ಲದ ಕಡೆ ಇರುತ್ತದೆ. ಮೇಲಾಗಿ ಅಗಲದ ಲೆನ್ಸ್. ಸಣ್ಣ ಜಾಗ ಸಭಾಂಗಣದ ಹಾಗೆ ಕಾಣುತ್ತದೆ. ಚಾಲಕನ ಕಣ್ಣಿನ ಎತ್ತರದಿಂದ ತೋರಿಸಿ, ಸೀಟು ಹಿಂದೆ ಮುಂದೆ ಸರಿಸಲು ಬಿಟ್ಟು, ಹಿಂದಿನ ಗಾಜಿನಿಂದ ಎಷ್ಟು ಕಾಣುತ್ತದೆ ಅಂತ ತಿರುಗಿ ನೋಡಲು ಬಿಡುವ ಸೈಟು ಧೈರ್ಯದ ಸೈಟು. ಕಾರಿನ ಕೊರತೆಯೂ ಅಲ್ಲಿ ಕಾಣುತ್ತದೆ, ಕಂಪನಿಯ ಪ್ರಚಾರ ವಿಭಾಗ ಒಪ್ಪುವುದು ಕಷ್ಟ. ಒಪ್ಪಿಸಿದ್ದಾರೆ ಅಂದರೆ ಆ ವಿನ್ಯಾಸಕರು ಬರೀ ಪರದೆಯ ಮುಂದೆ ಕೂತವರಲ್ಲ, ಸಭೆಯಲ್ಲೂ ಜಗಳ ಆಡಿದವರು.

ಫೋನಿನ ಕ್ಯಾಮೆರಾದಲ್ಲಿ ಕಾರನ್ನು ನಿಜವಾದ ಅಳತೆಯಲ್ಲಿ ನಿಮ್ಮದೇ ಜಾಗದಲ್ಲಿ ನಿಲ್ಲಿಸಿ ನೋಡುವ ಸೌಲಭ್ಯವೂ ಈಗ ಇದೆ. ಐಫೋನಿನಲ್ಲಿ 2018ರಿಂದ ಬ್ರೌಸರಿನಿಂದಲೇ ಇದು ಸಾಧ್ಯ. ಇದನ್ನು ಆಟಿಕೆ ಅಂತ ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಾರು ನಿಲ್ಲಿಸುವ ಜಾಗದಲ್ಲಿ ಇದು ಹಿಡಿಸುತ್ತದಾ, ಬಾಗಿಲು ತೆರೆದರೆ ಗೋಡೆಗೆ ಬಡಿಯುತ್ತದಾ ಅನ್ನುವುದು ಕೊಳ್ಳುವವರ ದೊಡ್ಡ ಅನುಮಾನ. ಬಾಗಿಲು ತೆರೆಯುವ ಹಾಗಿದ್ದರೆ ಮಾತ್ರ ಅಂಕ, ಬರೀ ಮುಚ್ಚಿದ ಕಾರು ನಿಲ್ಲಿಸಿದರೆ ಅರ್ಧ.

ಇನ್ನು ನನಗೆ ಇಷ್ಟವಾದ ಭಾಗ. ಸೈಟಿನ ಜೊತೆ ತುಂಟತನ ಮಾಡಿ. ಎರಡು ಬಣ್ಣಗಳನ್ನು ಬೇಗ ಬೇಗ ಒತ್ತಿ, ಯಾವುದು ಉಳಿಯುತ್ತದೆ ನೋಡಿ. ಬಾಗಿಲು ಅರ್ಧ ತೆರೆದಾಗ ಮತ್ತೆ ಒತ್ತಿ. ಫೋನು ಅಡ್ಡ ತಿರುಗಿಸಿ. ಬ್ಯಾಕ್ ಬಟನ್ ಒತ್ತಿ, ಒಂದು ಹೆಜ್ಜೆ ಹಿಂದೆ ಹೋಗುತ್ತದೋ ಸೈಟಿನಿಂದಲೇ ಹೊರಗೆ ಎಸೆಯುತ್ತದೋ. ಮೌಸ್ ಪಕ್ಕಕ್ಕಿಟ್ಟು ಕೀಬೋರ್ಡಿನಲ್ಲಿ ಮಾತ್ರ ಓಡಾಡಿ. ಸ್ಕ್ರಾಲ್ ಮಾಡುವುದು ನನ್ನ ಹಕ್ಕು, ಅದನ್ನು ಕಿತ್ತುಕೊಂಡು ತನ್ನದೇ ವೇಗದಲ್ಲಿ ಓಡಿಸುವ ಸೈಟಿಗೆ ನಾನು ಕಠಿಣ. ಚಲನೆ ಕಡಿಮೆ ಇರಲಿ ಅಂತ ಕಂಪ್ಯೂಟರಿನಲ್ಲಿ ಸೆಟ್ಟಿಂಗ್ ಮಾಡಿಕೊಂಡವರಿಗೆ ಸೈಟು ಆ ಮಾತು ಕೇಳುತ್ತದಾ? ತಲೆಸುತ್ತು ಬರುವವರಿಗೆ ಇದು ಆರೋಗ್ಯದ ವಿಷಯ.

ಎಲ್ಲರಿಗೂ ಸಿಗುವ ಹಾಗೆ ವೆಬ್ ಇರಬೇಕು ಅಂತ ಮಾಡಿದ ಡಬ್ಲ್ಯುಸಿಎಜಿ ನಿಯಮಗಳನ್ನು ಬಾಯಿಪಾಠ ಮಾಡಬೇಕಿಲ್ಲ. ತಾನಾಗಿ ಶುರುವಾಗಿ ಮೂರು ಸೆಕೆಂಡಿಗಿಂತ ಜಾಸ್ತಿ ಮೊಳಗುವ ಸದ್ದನ್ನು ನಿಲ್ಲಿಸಲು ದಾರಿ ಇರಬೇಕು, ಸಣ್ಣ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ ಇರಬೇಕು, ಈ ಎರಡು ನೆನಪಿಟ್ಟರೂ ಇಂಥ ಸೈಟುಗಳಲ್ಲಿ ಸಾಕಷ್ಟು ಸಿಕ್ಕಿಬೀಳುತ್ತವೆ. ಕಪ್ಪಿನ ಮೇಲೆ ಬೂದು ಬಣ್ಣದ ತೆಳ್ಳನೆ ಅಕ್ಷರ ಅನ್ನುವುದು ದುಬಾರಿ ವಸ್ತುಗಳ ಸೈಟಿಗೆ ಅಂಟಿದ ರೋಗ. ದುಬಾರಿ ಕಾರು ಕೊಳ್ಳುವ ಶಕ್ತಿ ಬರುವ ಹೊತ್ತಿಗೆ ಎಷ್ಟೋ ಜನರಿಗೆ ಚಾಳೀಸು ಬಂದಿರುತ್ತದೆ ಅಂತ ಯಾರಿಗೂ ಹೊಳೆಯುವುದಿಲ್ಲವೇನೋ.

"ಐಷಾರಾಮ ಅಂದರೆ ನಿಧಾನ, ಅದಕ್ಕೇ ನಮ್ಮ ಸೈಟು ನಿಧಾನ" ಅನ್ನುವ ವಾದ ಕೇಳುತ್ತಿರುತ್ತೇನೆ. ಇದನ್ನು ಬಿಡಿಸಿ ನೋಡಬೇಕು. ಮೊದಲ ಸಲ ಕಾರು ಕತ್ತಲೆಯಿಂದ ಹೊರಬರುವಾಗ ಎರಡು ಸೆಕೆಂಡ್ ತೆಗೆದುಕೊಳ್ಳಲಿ, ಗತ್ತು ಇರುತ್ತದೆ. ಭಾರದ ಬಾಗಿಲು ನಿಧಾನವಾಗಿ ತೆರೆಯಲಿ, ನಿಜವಾದ ಬಾಗಿಲೂ ಹಾಗೇ ತೆರೆಯುತ್ತದೆ. ಆದರೆ ಹತ್ತು ಚರ್ಮದ ಬಣ್ಣಗಳನ್ನು ಹೋಲಿಸಿ ನೋಡುವಾಗ ಪ್ರತಿ ಸಲ ಎರಡು ಸೆಕೆಂಡಿನ ಮಂಜು ಕವಿದು ಸರಿದರೆ ಐದನೇ ಸಲಕ್ಕೆ ಸಿಟ್ಟು ಬರುತ್ತದೆ. ಮತ್ತೆ ಮತ್ತೆ ಮಾಡುವ ಕೆಲಸ ಚುರುಕಾಗಿರಬೇಕು, ಒಂದೇ ಸಲ ನಡೆಯುವುದು ನಿಧಾನವಾದರೂ ನಡೆಯುತ್ತದೆ.

ಬೆಲೆಯ ವಿಷಯ ಚುಟುಕಾಗಿ. ಕೆಲವು ಕಂಪನಿಗಳು ಬೆಲೆ ಹಾಕುವುದೇ ಇಲ್ಲ, ಅದು ಅವರ ವ್ಯಾಪಾರದ ತೀರ್ಮಾನ. ಹಾಕುವವರಲ್ಲಿ ಪೋರ್ಷೆಯ ಕಾನ್ಫಿಗರೇಟರ್ ನೋಡಿ, ಅಂದರೆ ಬೇಕಾದ ಆಯ್ಕೆ ಸೇರಿಸಿ ಕಾರು ಕಟ್ಟಿ ನೋಡುವ ಪುಟ. ಒಂದೊಂದು ಸೌಲಭ್ಯ ಸೇರಿಸಿದ ಹಾಗೆ ಒಟ್ಟು ಬೆಲೆ ಎದುರಿಗೇ ಬದಲಾಗುತ್ತದೆ, ಕೊನೆಗೆ ಒಂದು ಪೋರ್ಷೆ ಕೋಡ್ ಸಿಗುತ್ತದೆ, ಅದನ್ನು ಹಾಕಿದರೆ ನೀವು ಕಟ್ಟಿದ ಕಾರು ಮತ್ತೆ ಎದುರಿಗೆ ಬರುತ್ತದೆ, ಮಾರಾಟದವರಿಗೂ ಅದನ್ನೇ ಕೊಡಬಹುದು. ಸದ್ದಿಲ್ಲ, ಗದ್ದಲವಿಲ್ಲ. ಇಂಟರಾಕ್ಷನ್ ಅಂದರೆ ನನ್ನ ಪ್ರಕಾರ ಅದು. ಒಂದು ಆಯ್ಕೆಯಿಂದ ಇನ್ನೊಂದು ಬಿದ್ದುಹೋಗುವಾಗ, ಉದಾಹರಣೆಗೆ ಈ ಚಕ್ರ ಬೇಕಾದರೆ ಆ ಬ್ರೇಕ್ ಸಿಗುವುದಿಲ್ಲ ಅನ್ನುವಾಗ, ಸೈಟು ಅದನ್ನು ಬಿಡಿಸಿ ಹೇಳುತ್ತದೋ ಸದ್ದಿಲ್ಲದೆ ತೆಗೆದುಹಾಕುತ್ತದೋ ಅಂತಲೂ ನೋಡಿ.

ಇಂಧನದ ಅಂಕಿಗಳನ್ನು ಮರೆಯಬೇಡಿ. ಯುರೋಪಿಯನ್ ಒಕ್ಕೂಟದ 1999ರ ನಿರ್ದೇಶನದ ಪ್ರಕಾರ ಹೊಸ ಕಾರಿನ ಪ್ರಚಾರ ಸಾಹಿತ್ಯದಲ್ಲಿ ಇಂಧನ ಬಳಕೆ, ಕಾರ್ಬನ್ ಡೈಆಕ್ಸೈಡ್ ಪ್ರಮಾಣ ಇರಬೇಕು. ಹಾಗಾಗಿ ಅಲ್ಲಿನ ಸೈಟುಗಳಲ್ಲಿ ಈ ಸಾಲು ಕಾಣುತ್ತದೆ, ಸಾಮಾನ್ಯವಾಗಿ ತಳದಲ್ಲಿ, ಇರುವೆ ಗಾತ್ರದಲ್ಲಿ. ಕುದುರೆ ಶಕ್ತಿಗೆ ಅರ್ಧ ಪರದೆ, ಹೊಗೆಗೆ ಅರ್ಧ ಸಾಲು! ಎರಡನ್ನೂ ಒಂದೇ ಮರ್ಯಾದೆಯಿಂದ ಬರೆದ ವಿನ್ಯಾಸ ಸಿಕ್ಕರೆ ನನಗೊಂದು ಸಾಲು ಬರೆದು ತಿಳಿಸಿ.

ಮಾತು ಮುಗಿದ ಮೇಲೆ ಒಂದೆರಡು ಪ್ರಶ್ನೆ ಬಂದವು. ಮುಂದಿನ ಸಾಲಿನಲ್ಲಿದ್ದ ಒಬ್ಬರು ಕೇಳಿದರು: "ಸರ್, ಇಷ್ಟು ದುಬಾರಿ ಕಾರನ್ನು ಯಾರೂ ಸೈಟು ನೋಡಿ ಕೊಳ್ಳುವುದಿಲ್ಲ. ಅದು ಕನಸು ಹುಟ್ಟಿಸಿದರೆ ಸಾಕಲ್ವಾ?" ಒಳ್ಳೆಯ ಪ್ರಶ್ನೆ. ಕನಸು ಹುಟ್ಟಿಸುವುದಕ್ಕೆ ಒಂದು ನಿಮಿಷದ ವಿಡಿಯೋ ಸಾಕು, ಅದು ಅಗ್ಗ, ಎಲ್ಲ ಫೋನಿನಲ್ಲೂ ಓಡುತ್ತದೆ. ಅಷ್ಟೇ ಗುರಿಯಾಗಿದ್ದರೆ ಇಂಟರಾಕ್ಟಿವ್ ಮಾಡಿದ್ದೇ ತಪ್ಪು ಆಯ್ಕೆ, ಅದಕ್ಕೂ ಅಂಕ ಕಳೆಯಬೇಕು. ಇಷ್ಟು ಖರ್ಚು ಮಾಡಿ ನನ್ನ ಕೈಗೆ ಕೊಟ್ಟಿದ್ದೀರಿ ಅಂದರೆ ವಿಡಿಯೋ ಕೊಡಲಾರದ್ದನ್ನು ಕೊಡಬೇಕು.

ಇನ್ನೊಬ್ಬರು ಕೇಳಿದ್ದು, ತೀರ್ಪು ಕೊಡಲು ಒಂದು ಸೈಟಿನ ಜೊತೆ ಎಷ್ಟು ಹೊತ್ತು ಕಳೆಯಬೇಕು ಅಂತ. ಹೊತ್ತಿಗಿಂತ ಎಷ್ಟು ಸಲ ಅನ್ನುವುದು ಮುಖ್ಯ. ಎರಡು ಸಲ ತೆರೆಯಿರಿ, ನಡುವೆ ಒಂದು ದಿನ ಬಿಡಿ, ಎರಡನೇ ಸಲ ಮನಸ್ಸಿನಲ್ಲಿ ಒಂದೇ ಪ್ರಶ್ನೆ ಇಟ್ಟುಕೊಳ್ಳಿ, ಡಿಕ್ಕಿಯಲ್ಲಿ ಎಷ್ಟು ಸಾಮಾನು ಹಿಡಿಸುತ್ತದೆ ಅಂತಲೇ ಇಟ್ಟುಕೊಳ್ಳಿ. ಆಗಲೂ ಆ ಗುಡುಗು, ಆ ಕತ್ತಲೆ, ಆ ಬೆಳಕಿನ ಗೆರೆ ಪೂರ್ತಿ ನೋಡದೆ ಒಳಗೆ ಬಿಡುವುದಿಲ್ಲ ಅಂದರೆ ಮೊದಲ ದಿನ ಬರೆದ ಅಂಕವನ್ನು ತಿದ್ದಿ.